ಎದೆನೋವೂ ರಕ್ತಪರೀಕ್ಷೆಯೂ
(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪಶ್ಚಿಮ ಘಟ್ಟಗಳ ಮಗ್ಗುಲಲ್ಲಿ, ಮುಲ್ಲೈಪೆರಿಯಾರಿನ ನೀರನ್ನು ನಂಬಿ ಬೆಳೆದಿರುವ ಕಂಬಂ ಕಣಿವೆಯು ದ್ರಾಕ್ಷಿ, ಬಾಳೆ, ಬತ್ತಗಳಿಗೆ ಹೆಸರಾದುದು. ಅಲ್ಲಿಯೂ, ತೇನಿ, ಬೋಡಿನಾಯಕನೂರು, ದಿಂಡಿಗಲ್ಲುಗಳ ಸುತ್ತಣ ಊರುಗಳಲ್ಲಿಯೂ ಶತಮಾನಗಳ ಹಿಂದೆ ಬಂದು ನೆಲಸಿದ ಕಪ್ಪಿಲಿಯರು, ಅನುಪ್ಪರು ಮೊದಲಾದವರ ಅನೇಕ ಮನೆಗಳಲ್ಲಿ ಇಂದಿಗೂ ಆಡುವ ಮಾತು ಕನ್ನಡವೇ. ವೈದ್ಯರೊಡನೆ ಮಾತು ತಮಿಳಿನಲ್ಲಿ. ಪ್ರಯೋಗಾಲಯದ ವರದಿ ಇಂಗ್ಲಿಷಿನಲ್ಲಿ. ಅಜ್ಜಿಗೋ ತಾತನಿಗೋ ಎದೆನೋವು ಬಂದ ವೇಳೆಯಲ್ಲಿ ಈ ಮೂರು ಭಾಷೆಗಳ ನಡುವೆ ನಿಂತು ವಿಷಯವನ್ನು ಸರಿಯಾಗಿ ಮುಟ್ಟಿಸಬೇಕಾದವರು ಓದು ಕಲಿತ ಮಕ್ಕಳು. ಅಂಥ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಉಪಯೋಗವಾಗಲೆಂದು ಹೃದ್ರೋಗದ ರಕ್ತಪರೀಕ್ಷೆಗಳನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಲು ನಾವು ಬಯಸುತ್ತೇವೆ.

ಹೃದಯವು ಮೈಗೆಲ್ಲ ರಕ್ತವನ್ನು ಒದಗಿಸುವ ಅವಯವ. ಆದರೆ ಅದಕ್ಕೂ ತನ್ನ ಪಾಲಿನ ರಕ್ತ ಬೇಕಷ್ಟೆ. ಅದನ್ನು ತರುವ ಕಿರುಧಮನಿಗಳ ಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಶೇಖರವಾಗುತ್ತದೆ. ಒಂದು ದಿನ ಆ ಪದರ ಬಿರಿದು ಅಲ್ಲಿ ರಕ್ತ ಹೆಪ್ಪುಗಟ್ಟಿದರೆ, ಕಾಲುವೆಗೆ ಮಣ್ಣು ಕುಸಿದು ಕೆಳಗಿನ ಗದ್ದೆಗೆ ನೀರು ನಿಂತಂತೆ, ಹೃದಯದ ಒಂದು ಭಾಗಕ್ಕೆ ರಕ್ತ ನಿಲ್ಲುತ್ತದೆ. ಅಲ್ಲಿನ ಜೀವಕೋಶಗಳು ಸಾಯತೊಡಗುತ್ತವೆ. ಇದೇ ಹೃದಯಾಘಾತ.

ಹೀಗೆ ಸಾಯುವ ಕೋಶಗಳು ತಮ್ಮೊಳಗಿನ ಪದಾರ್ಥಗಳನ್ನು ರಕ್ತಕ್ಕೆ ಚೆಲ್ಲುತ್ತವೆ. ಆ ಪದಾರ್ಥಗಳನ್ನು ಅಳೆದು ಆಘಾತವನ್ನು ಗುರುತಿಸಬಹುದೆಂಬುದು 1954ರಲ್ಲಿ, ಟ್ರಾನ್ಸ್‌ಅಮಿನೇಸ್ ಎಂಬ ಕಿಣ್ವದ ಪರೀಕ್ಷೆಯಿಂದ ತಿಳಿದುಬಂದಿತು. ಆದರೆ ಆ ಕಿಣ್ವವು ಯಕೃತ್ತಿನಲ್ಲಿಯೂ ಇರುವುದರಿಂದ ಅದರ ಸಾಕ್ಷ್ಯವನ್ನು ಪೂರ್ತಿ ನಂಬುವಂತಿರಲಿಲ್ಲ. 1960ರ ದಶಕದಲ್ಲಿ ಜಪಾನಿನ ಸೆತ್ಸುರೊ ಎಬಾಶಿಯವರು ಸ್ನಾಯುಗಳ ಸಂಕೋಚನವನ್ನು ನಿಯಂತ್ರಿಸುವ ಟ್ರೊಪೋನಿನ್ ಎಂಬ ಪ್ರೋಟೀನನ್ನು ಕಂಡುಹಿಡಿದರು. ಅದರ ‘ಐ’ ಮತ್ತು ‘ಟಿ’ ಎಂಬ ಎರಡು ಭಾಗಗಳು ಹೃದಯದ ಸ್ನಾಯುವಿನಲ್ಲಿ ವಿಶಿಷ್ಟವಾದ ರೂಪದಲ್ಲಿರುತ್ತವೆ. 1980ರ ದಶಕದ ಕೊನೆಯ ಹೊತ್ತಿಗೆ ಅವನ್ನು ರಕ್ತದಲ್ಲಿ ಅಳೆಯುವ ವಿಧಾನಗಳು ಸಿದ್ಧವಾದುವು. ಇಂದು ಹೃದಯಾಘಾತವನ್ನು ನಿರ್ಣಯಿಸಲು ವೈದ್ಯರು ಮುಖ್ಯವಾಗಿ ಅವಲಂಬಿಸುವ ರಕ್ತಪರೀಕ್ಷೆ ಇದೇ.

ಆದರೆ ಒಂದು ಸಂಗತಿಯನ್ನು ಎಲ್ಲರೂ ಮನಸ್ಸಿನಲ್ಲಿಡಬೇಕು. ನೋವು ಆರಂಭವಾದ ಕ್ಷಣದಲ್ಲಿಯೇ ಟ್ರೊಪೋನಿನ್ ಏರುವುದಿಲ್ಲ. ಹಳೆಯ ವಿಧಾನದ ಪರೀಕ್ಷೆಯಲ್ಲಿ ಅದು ಕಾಣಿಸಿಕೊಳ್ಳಲು ಮೂರು ನಾಲ್ಕು ಗಂಟೆಗಳೇ ಬೇಕು. ಹೆಚ್ಚು ಸೂಕ್ಷ್ಮವಾದ ಈಗಿನ ವಿಧಾನಗಳಲ್ಲಿ ಅದಕ್ಕಿಂತ ಬೇಗ ಕಾಣುತ್ತದೆ. ಆದುದರಿಂದಲೇ ವೈದ್ಯರು ಒಂದು ಸಲ ರಕ್ತ ತೆಗೆದು, ಒಂದರಿಂದ ಮೂರು ಗಂಟೆಗಳಾದ ಮೇಲೆ, ಕೆಲವೊಮ್ಮೆ ಇನ್ನೂ ತಡವಾಗಿ, ಮತ್ತೊಮ್ಮೆ ತೆಗೆಯುತ್ತಾರೆ. ಇದನ್ನು ದುಡ್ಡಿನ ಆಸೆಯೆಂದು ಯಾರೂ ಭಾವಿಸಬಾರದು. ಎರಡು ಅಳತೆಗಳ ನಡುವಣ ಏರಿಳಿತವೇ ಇಲ್ಲಿ ಮುಖ್ಯ. ಮೂತ್ರಪಿಂಡಗಳ ರೋಗ, ತೀವ್ರ ಸೋಂಕು, ಹೃದಯದ ಸ್ನಾಯುವಿನ ಉರಿಯೂತ ಮೊದಲಾದುವುಗಳಲ್ಲಿಯೂ ಟ್ರೊಪೋನಿನ್ ಹೆಚ್ಚಿರಬಹುದು. ಆದಕಾರಣ ವರದಿಯಲ್ಲಿ ಹೆಚ್ಚೆಂದು ಬರೆದುದನ್ನು ಕಂಡು ಮನೆಯಲ್ಲಿಯೇ ತೀರ್ಮಾನಿಸುವುದೂ ತಪ್ಪು. ಮೊದಲ ವರದಿಯಲ್ಲಿ ಇಲ್ಲವೆಂದಿತೆಂದು ಎದ್ದು ಬರುವುದೂ ತಪ್ಪು.

ಹಾಗಾದರೆ ರಕ್ತದ ವರದಿ ಬರುವವರೆಗೆ ಚಿಕಿತ್ಸೆ ಕಾಯಬೇಕೆ? ಕೂಡದು. ರೋಗಿ ಆಸ್ಪತ್ರೆಯನ್ನು ಸೇರಿದ ಹತ್ತು ನಿಮಿಷಗಳೊಳಗೆ ಇ.ಸಿ.ಜಿ. ಆಗಬೇಕೆಂಬುದು ವೈದ್ಯಕೀಯದ ನಿಯಮ. ಧಮನಿಯು ಪೂರ್ಣವಾಗಿ ಮುಚ್ಚಿರುವ ಗುರುತು ಅದರಲ್ಲಿ ಸ್ಪಷ್ಟವಾಗಿ ಕಂಡರೆ, ರಕ್ತದ ವರದಿಗೆ ಕಾಯದೆ ಧಮನಿಯನ್ನು ತೆರೆಯುವ ಚಿಕಿತ್ಸೆಯನ್ನು ಆರಂಭಿಸುತ್ತಾರೆ. ಇ.ಸಿ.ಜಿ.ಯಲ್ಲಿ ಸಂದೇಹವಿದ್ದಾಗ ಟ್ರೊಪೋನಿನ್ ದಾರಿ ತೋರುತ್ತದೆ.

ಇಲ್ಲಿ ಕಣಿವೆಯ ದೂರಗಳನ್ನು ನೆನೆಯಬೇಕು. ಕಂಬದಿಂದ ತೇನಿಗೆ ಸುಮಾರು 40 ಕಿಲೋಮೀಟರು. ತೇನಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯು ಅಲ್ಲಿಂದಲೂ ಆಚೆ, ಆಂಡಿಪಟ್ಟಿಯ ಹಾದಿಯಲ್ಲಿದೆ. ‘ವಾಯುವಿರಬೇಕು’ ಎಂದು ಓಮಕಷಾಯ ಕುಡಿಸಿ ರಾತ್ರಿಯನ್ನು ಕಳೆದವರಿಗೆ ಈ ದಾರಿ ಇನ್ನೂ ದೀರ್ಘವಾಗುತ್ತದೆ. 2023ರಲ್ಲಿ ತಮಿಳುನಾಡು ಸರ್ಕಾರವು ಆರಂಭಿಸಿದ ‘ಇದಯಂ ಕಾಪ್ಪೋಂ’ ಯೋಜನೆಯ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಉಪಕೇಂದ್ರಗಳಲ್ಲಿಯೂ ಆಸ್ಪಿರಿನ್ ಮೊದಲಾದ ಮೂರು ಬಗೆಯ ಗುಳಿಗೆಗಳನ್ನು ಇರಿಸಲಾಯಿತು. ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮುನ್ನ ಕೊಡತಕ್ಕ ಮೊದಲ ಔಷಧ ಹತ್ತಿರದಲ್ಲಿಯೇ ದೊರೆಯಲಿ ಎಂಬುದೇ ಇದರ ಉದ್ದೇಶ. ಕರ್ನಾಟಕವೂ, 2021ರಲ್ಲಿ ಅಕಾಲದಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ, ಇದೇ ಬಗೆಯ ‘ಹೃದಯ ಜ್ಯೋತಿ’ ಯೋಜನೆಯನ್ನು 2023ರಲ್ಲಿ ಕೈಗೊಂಡಿತು.

ಇನ್ನೊಂದು ಪರೀಕ್ಷೆ ಬಿ.ಎನ್.ಪಿ. ಎಂಬುದು. ಹೃದಯ ದುರ್ಬಲವಾಗಿ ಅದರ ಗೋಡೆಗಳು ಹಿಗ್ಗಿದಾಗ ಈ ಪದಾರ್ಥ ರಕ್ತಕ್ಕೆ ಹೆಚ್ಚಾಗಿ ಇಳಿಯುತ್ತದೆ. 1988ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಮೊದಲು ಕಂಡುದು ಹಂದಿಯ ಮಿದುಳಿನಲ್ಲಿ. ಹೃದಯವೇ ಇದರ ಮುಖ್ಯ ಮೂಲವೆಂಬುದು ಆಮೇಲೆ ತಿಳಿಯಿತು. ಮುದುಕರೊಬ್ಬರಿಗೆ ಉಬ್ಬಸ ಬಂದರೆ ಅದು ಶ್ವಾಸಕೋಶದಿಂದಲೋ ಹೃದಯದಿಂದಲೋ ಎಂಬ ಸಂದೇಹವನ್ನು ಬಿಡಿಸಲು ಇದು ಸಹಾಯಕ. ಬಿ.ಎನ್.ಪಿ. 100ಕ್ಕಿಂತ ಕಡಿಮೆಯಿದ್ದರೆ ಹೃದಯದ ದೌರ್ಬಲ್ಯದಿಂದ ಬಂದ ಉಬ್ಬಸವಾಗಿರುವ ಸಂಭವ ಕಡಿಮೆ. ಚಿಕಿತ್ಸೆ ಫಲಿಸುತ್ತಿದೆಯೇ ಎಂಬುದನ್ನೂ ಇದರಿಂದ ನೋಡುತ್ತಾರೆ. ವಯಸ್ಸು, ಮೂತ್ರಪಿಂಡಗಳ ಸ್ಥಿತಿ, ದೇಹದ ಸ್ಥೂಲತೆ ಇವುಗಳಿಂದಲೂ ಅಂಕಿ ಬದಲಾಗುವುದರಿಂದ ಇದನ್ನು ಓದಬೇಕಾದವರು ವೈದ್ಯರೇ.

ರೋಗ ಬರುವುದಕ್ಕೆ ಮುಂಚೆಯೇ ಎಚ್ಚರಿಸುವ ಪರೀಕ್ಷೆಗಳೂ ಇವೆ. ಎಲ್.ಡಿ.ಎಲ್. ಎಂಬ ಕೊಲೆಸ್ಟರಾಲ್, ರಕ್ತದ ಸಕ್ಕರೆ, ಇವುಗಳೊಡನೆ ರಕ್ತದೊತ್ತಡವನ್ನೂ ನಲವತ್ತು ಕಳೆದ ತಂದೆತಾಯಿಗಳು ವೈದ್ಯರು ಹೇಳಿದ ಕಾಲಕ್ಕೆ ನೋಡಿಸಿಕೊಳ್ಳಬೇಕು. ಒಮ್ಮೆ ಹೃದಯಾಘಾತವಾದವರಿಗೆ ಎಲ್.ಡಿ.ಎಲ್. ಅನ್ನು 70ಕ್ಕಿಂತಲೂ, ಅನೇಕ ವೇಳೆ 55ಕ್ಕಿಂತಲೂ ಕೆಳಗೆ ಇಳಿಸುವುದು ವೈದ್ಯರ ಗುರಿ. ವರದಿ ಚೆನ್ನಾಗಿದೆಯೆಂದು ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ಚೆನ್ನಾಗಿರುವುದಕ್ಕೆ ಗುಳಿಗೆಯೇ ಕಾರಣವಾಗಿರಬಹುದು.

ವಿದ್ಯಾರ್ಥಿಗಳೇ, ನಿಮ್ಮ ಕರ್ತವ್ಯ ಚಿಕ್ಕದು, ಆದರೆ ಬೆಲೆಯುಳ್ಳದ್ದು. ಹಿರಿಯರು ಎದೆ ಹಿಂಡುತ್ತದೆ, ಎಡತೋಳಿಗೋ ದವಡೆಗೋ ನೋವು ಹಬ್ಬುತ್ತದೆ, ತಣ್ಣನೆಯ ಬೆವರು ಬರುತ್ತದೆ ಎಂದಾಗ ತಡಮಾಡದೆ 108ಕ್ಕೆ ಕರೆಮಾಡಿಸಿರಿ. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ನೋವು ಅಷ್ಟಾಗಿ ಇಲ್ಲದೆ ಬರಿಯ ಆಯಾಸ, ಓಕರಿಕೆ, ಉಸಿರುಕಟ್ಟುವಿಕೆ ಮಾತ್ರ ಇರಬಹುದೆಂಬುದನ್ನು ಮರೆಯಬೇಡಿರಿ. ನೋವು ಆರಂಭವಾದ ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು. ರಕ್ತದ ವರದಿಯ ಅರ್ಥವೂ ಆ ಗಂಟೆಯನ್ನೇ ಅವಲಂಬಿಸಿರುತ್ತದೆ. ಹಳೆಯ ವರದಿಗಳನ್ನೂ ನುಂಗುವ ಗುಳಿಗೆಗಳ ಪಟ್ಟಿಯನ್ನೂ ಒಂದು ಚೀಲದಲ್ಲಿ ಜೋಡಿಸಿಡಿರಿ. ಅಜ್ಜಿ ಕನ್ನಡದಲ್ಲಿ ಹೇಳಿದ ನೋವನ್ನು ವೈದ್ಯರಿಗೆ ಕೂಡಿಸದೆ ಕಳೆಯದೆ ತಿಳಿಸಿರಿ.