ನಾರು ಕಸವಲ್ಲ, ಕರುಳಿನ ಅನ್ನ



ನಾವು ಉಂಡ ಆಹಾರವೆಲ್ಲವನ್ನೂ ನಮ್ಮ ಜಠರ ಮತ್ತು ಸಣ್ಣ ಕರುಳು ಅರಗಿಸಲಾರವು. ಕಾಳಿನ ಸಿಪ್ಪೆ, ರಾಗಿಯ ಹೊಟ್ಟು, ಸೊಪ್ಪಿನ ನಾರು, ಬಾಳೆಕಾಯಿಯ ಪಿಷ್ಟದ ಒಂದು ಭಾಗ ಇವೆಲ್ಲ ಹಾಗೆಯೇ ದೊಡ್ಡ ಕರುಳನ್ನು ಸೇರುತ್ತವೆ. ಇವು ವ್ಯರ್ಥವೆಂದು ಭಾವಿಸಬೇಡಿರಿ. ಅಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಹೆಪ್ಪು ಹಾಕಿದ ಹಾಲು ಹುಳಿಯುವಂತೆ, ಈ ಜೀವಿಗಳು ನಾರನ್ನೂ ಪಿಷ್ಟವನ್ನೂ ಹುಳಿಯಿಸಿ ಅಸಿಟಿಕ್, ಪ್ರೊಪಿಯೋನಿಕ್ ಮತ್ತು ಬ್ಯೂಟಿರಿಕ್ ಎಂಬ ಆಮ್ಲಗಳನ್ನು ತಯಾರಿಸುತ್ತವೆ. ಬ್ಯೂಟಿರಿಕ್ ಆಮ್ಲವೇ ದೊಡ್ಡ ಕರುಳಿನ ಒಳಪೊರೆಗೆ ಮುಖ್ಯ ಆಹಾರ. ಈ ಆಮ್ಲಗಳನ್ನು ಕರುಳು ಹೀರಿಕೊಳ್ಳುವಾಗ ಅವುಗಳೊಡನೆ ಲವಣವೂ ನೀರೂ ಮರಳಿ ರಕ್ತವನ್ನು ಸೇರುತ್ತವೆ.

ಈ ವಿಷಯವು ತಾಯಿತಂದೆಯರಿಗೆ ಏಕೆ ಮುಖ್ಯ? ಒಮ್ಮೆ ನನ್ನ ಆರೋಗ್ಯ ಕೇಂದ್ರಕ್ಕೆ ಭೇದಿಯಿಂದ ಬಳಲಿದ ಒಂದು ವರ್ಷದ ಮಗುವನ್ನು ತಂದರು. ಕಣ್ಣುಗಳು ಗುಳಿ ಬಿದ್ದಿದ್ದವು. “ಹೊಟ್ಟೆಗೆ ಹಾಕಿದರೆ ಭೇದಿ ಹೆಚ್ಚುತ್ತದೆಂದು ಎರಡು ದಿನದಿಂದ ಏನೂ ಕೊಟ್ಟಿಲ್ಲ ಡಾಕ್ಟರೇ” ಎಂದು ತಾಯಿ ಹೇಳಿದರು. ಮಗು ಉಳಿಯಿತು, ಆದರೆ ಆ ಎರಡು ದಿನಗಳ ಉಪವಾಸ ಅನಾವಶ್ಯಕವಾಗಿತ್ತು, ಅಪಾಯಕರವೂ ಆಗಿತ್ತು.

ವೆಲ್ಲೂರಿನ ವೈದ್ಯರು ಕಾಲರಾ ರೋಗಿಗಳಿಗೆ ಜೀವಜಲದೊಡನೆ, ಸಣ್ಣ ಕರುಳಿನಲ್ಲಿ ಅರಗದ ಮೆಕ್ಕೆಜೋಳದ ಪಿಷ್ಟವನ್ನು ಕೊಟ್ಟು ನೋಡಿ, ಭೇದಿ ಕಡಿಮೆಯಾಗುವುದನ್ನೂ ಬೇಗನೆ ನಿಲ್ಲುವುದನ್ನೂ 2000ರಲ್ಲಿ ಪ್ರಕಟಿಸಿದರು. ಬಾಂಗ್ಲಾದೇಶದಲ್ಲಿ ಬಹುದಿನಗಳ ಭೇದಿಯಿದ್ದ ಶಿಶುಗಳಿಗೆ ಅಕ್ಕಿಯ ಆಹಾರದೊಡನೆ ಬೇಯಿಸಿದ ಬಾಳೆಕಾಯಿ ಕೊಟ್ಟಾಗಲೂ ಗುಣ ಕಂಡುಬಂದುದು 2001ರಲ್ಲಿ ವರದಿಯಾಯಿತು.

ಆದ್ದರಿಂದ ಮಗುವಿಗೆ ಭೇದಿಯಾದಾಗ ಹೀಗೆ ಮಾಡಿರಿ:

1. ಕೂಡಲೇ ಓ.ಆರ್.ಎಸ್. ಜೀವಜಲವನ್ನು ಗುಟುಕು ಗುಟುಕಾಗಿ ಕುಡಿಸಿರಿ.

2. ಎದೆಹಾಲನ್ನು ನಿಲ್ಲಿಸಬೇಡಿರಿ. ಆರು ತಿಂಗಳು ತುಂಬಿದ ಮಗುವಿಗೆ ಮೆದುವಾದ ಆಹಾರವನ್ನೂ ಕೊಡಿರಿ. ಬೇಯಿಸಿ ಮಸೆದ ಬಾಳೆಕಾಯಿಯನ್ನು ಗಂಜಿಯೊಡನೆ ಸೇರಿಸಬಹುದು. ಆದರೆ ಅದು ಜೀವಜಲಕ್ಕೆ ಬದಲಿಯಲ್ಲ.

3. ವೈದ್ಯರು ಹೇಳಿದ ಪ್ರಮಾಣದಲ್ಲಿ ಜಿಂಕ್ ಮಾತ್ರೆಯನ್ನು 14 ದಿನ ಕೊಡಿರಿ.

4. ಮಲದಲ್ಲಿ ರಕ್ತ ಕಂಡರೆ, ಮಗು ಕುಡಿಯಲಾರದಿದ್ದರೆ ಅಥವಾ ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿರಿ.

ಆರೋಗ್ಯವಂತರೂ ಕರುಳನ್ನು ಪೋಷಿಸಬೇಕು. ರಾಗಿಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು ಹೊಟ್ಟನ್ನು ಚೆಲ್ಲಬೇಡಿರಿ. ಹುರುಳಿ, ಅವರೆ, ಹೆಸರುಕಾಳು, ಸೊಪ್ಪು ದಿನವೂ ಊಟದಲ್ಲಿರಲಿ. ರೂಢಿಯಿಲ್ಲದವರು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ, ನೀರನ್ನೂ ಸಾಕಷ್ಟು ಕುಡಿಯಲಿ, ಇಲ್ಲವಾದರೆ ಹೊಟ್ಟೆಯುಬ್ಬರವಾದೀತು.

ಗಂಡಂದಿರಿಗೆ ಒಂದು ಮಾತು. ಎಲ್ಲರೂ ಉಂಡ ಮೇಲೆ ಉಳಿದ ಸಾರನ್ನಷ್ಟೇ ಹೆಂಡತಿ ಉಣ್ಣುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಇಂದೇ ಬಿಡಿರಿ. ಕಾಳು ಸೊಪ್ಪುಗಳು ಆಕೆಯ ತಟ್ಟೆಗೂ ಸಮನಾಗಿ ಬೀಳಲಿ.