ಬಲದಿಂದ ಬೆಳೆಯದು, ಸೇವೆಯಿಂದ ಬಾಳುವುದು

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲೂಕುಗಳ ಮಸೀದಿ ಸಮಿತಿಗಳ ಸದಸ್ಯರ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಕ್ರೈಸ್ತ ಚರ್ಚುಗಳು ಏಕೆ ಬೆಳೆಯುತ್ತವೆ, ಏಕೆ ಸೊರಗುತ್ತವೆ ಎಂಬುದು ಮಸೀದಿಯವರ ಸಭೆಗೆ ತಕ್ಕ ವಿಷಯವೇ ಎಂದು ಕೆಲವರು ಕೇಳಿದರು. ತಕ್ಕ ವಿಷಯವೇ ಹೌದು. ನೆರೆಯವರ ಅನುಭವದಿಂದ ಕಲಿಯದ ಸಮುದಾಯ ತನ್ನ ಅನುಭವದಿಂದಲೂ ಕಲಿಯುವುದಿಲ್ಲ.

ಮೊದಲು ನಮಗೆ ಕಹಿಯಾದ ಮಾತು. 1784ರಲ್ಲಿ, ಬ್ರಿಟಿಷರಿಗೆ ನೆರವಾದರೆಂಬ ಶಂಕೆಯಿಂದ, ಕರಾವಳಿಯ ಸಾವಿರಾರು ಕ್ರೈಸ್ತರನ್ನು ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣಕ್ಕೆ ಸೆರೆ ತಂದರು. ಅವರಲ್ಲಿ ಅನೇಕರು ಬಲವಂತದ ಮತಾಂತರಕ್ಕೂ ಒಳಗಾದರು. ಸುಲ್ತಾನರ ಶೌರ್ಯವನ್ನು ಅಭಿಮಾನದಿಂದ ಸ್ಮರಿಸುವ ನಾವು ಇದನ್ನು ಮುಚ್ಚಿಡಬೇಕಾಗಿಲ್ಲ. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂಬುದು ಕುರ್‌ಆನಿನ ಆದೇಶ. ಅದು ದೊರೆಗೂ ಅನ್ವಯಿಸುತ್ತದೆ. ಪರಿಣಾಮವೇನಾಯಿತು? 1799ರ ನಂತರ ಬದುಕುಳಿದವರಲ್ಲಿ ಅನೇಕರು ಊರಿಗೆ ಮರಳಿದರು, ಕೆಡವಿದ ಚರ್ಚುಗಳನ್ನು ಮತ್ತೆ ಕಟ್ಟಿದರು. ಅದೇ ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಮತ್ತು ಫಾದರ್ ಮುಲ್ಲರ್ ಅವರ ಔಷಧಾಲಯ ಆರಂಭವಾದವು. ಬಲಪ್ರಯೋಗ ವಿಶ್ವಾಸವನ್ನು ಕೊಲ್ಲಲಿಲ್ಲ.

ಹಾಗೆಂದು ಅಧಿಕಾರ ವಿಶ್ವಾಸವನ್ನು ಬೆಳೆಸಿತೇ? ಅದೂ ಇಲ್ಲ. 1799ರಲ್ಲಿ ಗೆದ್ದ ಬ್ರಿಟಿಷ್ ಸೇನೆ ಜ್ವರದ ಬಾಧೆ ತಾಳಲಾರದೆ ಕೆಲವೇ ವರ್ಷಗಳಲ್ಲಿ ಬೆಂಗಳೂರಿಗೆ ದಂಡು ಕಿತ್ತಿತು. ಇಲ್ಲಿ ಉಳಿದದ್ದು ಕಾವೇರಿ ತೀರದ ಸಿಪಾಯಿ ಸಮಾಧಿಗಳು. ಪಾಂಡವಪುರದಲ್ಲಿ ಬೀಡುಬಿಟ್ಟಿದ್ದ ಫ್ರೆಂಚರಿಂದ ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದಿತ್ತು. ಇಂದು ಆ ಹೆಸರೂ ಇಲ್ಲ.

ಆದರೆ ಒಬ್ಬರ ನೆನಪು ಉಳಿಯಿತು. ಚದುರಿದ ಕ್ರೈಸ್ತರನ್ನು ಒಗ್ಗೂಡಿಸಲು ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡು ಬಾಳಿದರು. ಜನ ಅವರನ್ನು ದೊಡ್ಡಸ್ವಾಮಿ ಎಂದು ಕರೆದರು. ಹಾಸನ ಸೀಮೆಯ ಸಾತಳ್ಳಿಯಲ್ಲಿ ನೆಲೆಯಿಲ್ಲದವರಿಗೆ ಬೇಸಾಯದ ನೆಲೆ ಕಲ್ಪಿಸಿದರು. 1803–04ರಲ್ಲಿ ಮೈಸೂರು ಸೀಮೆಯ 25 ಸಾವಿರಕ್ಕೂ ಹೆಚ್ಚು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದರು. ಕಂಪನಿ ಸರಕಾರದ ಬೆಂಬಲ ಅವರಿಗಿತ್ತು, ನಿಜ. ಆದರೂ 1823ರಲ್ಲಿ ಹಿಂತಿರುಗಿದಾಗ, ಹಿಂದೂಗಳ ಮತಾಂತರ ಆಗದ ಮಾತೆಂದೇ ಅವರು ಬರೆದರು. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಕ್ರೈಸ್ತರು ಶೇ. 1ಕ್ಕಿಂತ ಕಡಿಮೆ. ಆಸ್ಪತ್ರೆ, ಶಾಲೆಗಳೆಲ್ಲ ಮತಾಂತರದ ಬಲೆ ಎಂದು ಅಬ್ಬರಿಸಿ 2022ರಲ್ಲಿ ಕಾನೂನು ತಂದವರು ಈ ಲೆಕ್ಕವನ್ನು ನೋಡಬೇಕಿತ್ತು.

ಇನ್ನು ಅವನತಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಾವು ಕ್ರೈಸ್ತರೆಂದವರು 2011ರಲ್ಲಿ ಶೇ. 59, 2021ರಲ್ಲಿ ಶೇ. 46. ಅಲ್ಲಿ ಯಾರೂ ಚರ್ಚು ಕೆಡವಲಿಲ್ಲ. ಮಕ್ಕಳು ಬರುವುದನ್ನು ನಿಲ್ಲಿಸಿದರು, ಅಷ್ಟೆ. ನಮ್ಮಲ್ಲೇ ಹೇಮಾವತಿಯ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚು ಪಾಳುಬಿದ್ದಿದೆ. ಕೆ.ಆರ್. ಪೇಟೆ, ನಾಗಮಂಗಲದ ಹೊಲಗಳಿಗೆ ಬರುವ ನಾಲೆಯ ನೀರು ಆ ಜಲಾಶಯದ್ದೇ. ಊರವರು ಬೇರೆಡೆಗೆ ಹೋದ ಮೇಲೆ ಗೋಡೆ ಮಾತ್ರ ನಿಂತಿತು. ಜನರಿಲ್ಲದ ಆರಾಧನಾಲಯ ಪ್ರವಾಸಿ ತಾಣವಾಗುತ್ತದೆ.

ಈಗ ನಮ್ಮನ್ನು ನಾವೇ ಕೇಳಿಕೊಳ್ಳೋಣ. ಮಿನಾರದ ಎತ್ತರಕ್ಕಾಗಿ ಚಂದಾ ಎತ್ತುವ ನಾವು ಮೊಹಲ್ಲಾದಲ್ಲಿ ಶಾಲೆ ಬಿಟ್ಟ ಹುಡುಗಿಯರ ಪಟ್ಟಿ ಇಟ್ಟಿದ್ದೇವೆಯೇ? ಝಕಾತ್ ಹಣ ವಿಧವೆಯ ಮನೆ ತಲಪುತ್ತಿದೆಯೇ, ಸಮಿತಿಯ ಜಗಳಗಳ ನಡುವೆ ಕರಗುತ್ತಿದೆಯೇ? ಚರ್ಚಿನೊಳಗೂ ಜಾತಿ ಉಳಿಯಿತೆಂದು ಟೀಕಿಸುವ ನಾವು ಬಿರಾದರಿ ನೋಡದೆ ಹೆಣ್ಣು ಕೊಡುತ್ತೇವೆಯೇ? 2024ರ ಸೆಪ್ಟೆಂಬರ್‌ನಲ್ಲಿ ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಸುಟ್ಟವು. ಆ ಬೂದಿಯ ಮೇಲೆ ವಿಶ್ವಾಸ ಮರಳಿ ಕಟ್ಟುವವರು ಯಾರು? ಪೊಲೀಸರ ಶಾಂತಿಸಭೆ ಒಂದು ದಿನದ್ದು. ನೆರೆಯವನ ಮಗುವಿಗೆ ಜ್ವರ ಬಂದ ರಾತ್ರಿ ನಮ್ಮ ಬಾಗಿಲು ತೆರೆಯುವುದೇ ಎಂಬುದು ವರ್ಷವಿಡೀ ಕೇಳುವ ಪ್ರಶ್ನೆ. ನೆರೆಯವನು ಹಸಿದಿರುವಾಗ ಹೊಟ್ಟೆ ತುಂಬ ಉಣ್ಣುವವನು ವಿಶ್ವಾಸಿಯಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದರು. ಆ ನೆರೆಯವನ ಧರ್ಮವನ್ನು ಅವರು ಕೇಳಲಿಲ್ಲ.

ಸಂಖ್ಯೆ ಹೆಚ್ಚಿಸುವ ಚಿಂತೆ ನಮಗೆ ಬೇಡ. ಉಪಯುಕ್ತರಾಗುವ ಚಿಂತೆ ಇರಲಿ. ಅಲ್ಲಾಹನು ನಮಗೆ ಅದರ ಸದ್ಬುದ್ಧಿಯನ್ನು ಅನುಗ್ರಹಿಸಲಿ.