ಪಳಸಕ್ಕೆ ಎಲೆ ಮೂರೇ: ಬುಟಿಬೋರಿಯ ವಸಂತದಲ್ಲಿ ಇಲ್ಲಿಯವು, ಹೊರಗಿನಿಂದ ಬಂದವು

(ಮಹಿಳಾ ದಿನಾಚರಣೆಯಂದು ಮಹಿಳಾ ವೇದಿಕೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಮಳೆಗಾಲಕ್ಕೆ ಗಿಡ ನೆಡಬೇಕೆಂದು ನಾವು ಜನವರಿ ಕೊನೆಯಲ್ಲಿ ಒಂದು ಪಟ್ಟಿ ಮಾಡಿದ್ದೆವು. ಗುಲ್ಮೊಹರ್, ಸುಬಾಬುಲ್, ಕೊನೊಕಾರ್ಪಸ್. ಅದರ ಕೆಳಗೆ ಇನ್ನೊಂದು ಸಾಲು: ‘ಖಾಲಿ ಜಾಗದ ಒಣಮರಗಳನ್ನು ತೆಗೆಸುವುದು.’ ಮೊನ್ನೆ ಆ ಒಣಮರಗಳನ್ನು ಎಣಿಸಿ ಬಂದೆ. ಒಟ್ಟು 11. ಅವುಗಳಲ್ಲಿ 7 ಮರಗಳು ಈಗ ಬೆಂಕಿ ಹತ್ತಿಕೊಂಡ ಹಾಗೆ ಹೂ ಬಿಟ್ಟಿವೆ. ಅವು ಮುತ್ತುಗದ ಮರಗಳು, ಇಲ್ಲಿಯವರ ಪಳಸ. ಇನ್ನೆರಡು ಬೂರುಗ. ಉಳಿದ ಎರಡು ನಿಜಕ್ಕೂ ಒಣಗಿವೆ, ಆದರೂ ಅದರಲ್ಲೊಂದರ ಪೊಟರೆಯಲ್ಲಿ ಗಿಳಿಗಳಿವೆ. ಹಾಗಾಗಿ ಇವತ್ತು ಬುಟಿಬೋರಿಯಲ್ಲಿ ಯಾವುದು ಇಲ್ಲಿಯದು, ಯಾವುದು ಮನುಷ್ಯರ ಕೈಯಿಂದ ಹೊರಗಿನಿಂದ ಬಂದದ್ದು ಎಂದು ಗುರುತಿಸುವುದು ಹೇಗೆ ಎಂಬುದನ್ನು ಮಾತಾಡೋಣ.

ಮೊದಲು ಕೆಂಪು ಹೂಗಳು, ಏಕೆಂದರೆ ಹೆಚ್ಚು ಗೊಂದಲ ಅಲ್ಲೇ. ಮರಾಠಿ ಗೆಳತಿಯರ ಬಾಯಲ್ಲಿ ಒಂದು ಗಾದೆ ಕೇಳಿರುತ್ತೀರಿ: ಎಲ್ಲಿಗೆ ಹೋದರೂ ಪಳಸಕ್ಕೆ ಎಲೆ ಮೂರೇ. ಊರು ಬದಲಾದರೂ ಲೋಕದ ರೀತಿ ಬದಲಾಗುವುದಿಲ್ಲ ಎಂಬ ಅರ್ಥದಲ್ಲಿ ಹೇಳುತ್ತಾರೆ. ನಮಗೆ ಅದೇ ಗುರುತಿನ ಪಾಠ. ಒಂದು ತೊಟ್ಟಿಗೆ ಮೂರು ಅಗಲವಾದ ಎಲೆ, ಸೊಟ್ಟಪಟ್ಟ ಕಾಂಡ, ಗಿಳಿಯ ಕೊಕ್ಕಿನಂತೆ ಬಾಗಿದ ಕಿತ್ತಳೆ ಬಣ್ಣದ ಹೂ, ಕಪ್ಪು ಮಖಮಲ್ಲಿನಂಥ ತೊಟ್ಟು: ಇದು ಮುತ್ತುಗ. ಊರಲ್ಲಿ ಅಜ್ಜಿಯರು ಊಟದೆಲೆ ಹಚ್ಚುತ್ತಿದ್ದದ್ದು ಇದರಿಂದಲೇ. ಬೂರುಗದ ಕಾಂಡ ನೆಟ್ಟಗೆ, ಎಳೆಯ ಮರಕ್ಕೆ ಶಂಕುವಿನಂಥ ಮುಳ್ಳು, ಹೂವಿಗೆ ದಪ್ಪನೆಯ ಐದು ಎಸಳು. ಹಾಲುವಾಣಕ್ಕೂ ಎಲೆ ಮೂರೇ, ಆದರೆ ಕೊಂಬೆಯ ಮೇಲೆ ಮುಳ್ಳಿರುತ್ತದೆ, ಹೂ ಕಡುಕೆಂಪು. ಮೂರೂ ಎಲೆ ಉದುರಿಸಿ ಹೂ ಬಿಡುತ್ತವೆ. ಜನವರಿಯಲ್ಲಿ ನೋಡಿದವರಿಗೆ ಮೂರೂ ಸತ್ತ ಹಾಗೆಯೇ ಕಾಣುತ್ತವೆ.

ಗುಲ್ಮೊಹರ್ ಬೇರೆ ಕಥೆ. ಅದು ಮಡಗಾಸ್ಕರ್ ದ್ವೀಪದ ಮರ. ಹೂ ಬಿಡುವುದು ಬಿಸಿಲು ಏರಿದ ಮೇಲೆ, ಏಪ್ರಿಲ್–ಮೇ ತಿಂಗಳಲ್ಲಿ. ಎಲೆ ಗರಿಯ ಹಾಗೆ, ಐದು ಎಸಳಿನಲ್ಲಿ ಒಂದಕ್ಕೆ ಬಿಳಿ-ಹಳದಿ ಚುಕ್ಕೆ. ಇನ್ನು ಈಗ ರಸ್ತೆ ಬದಿಯಲ್ಲಿ ಬೋಳು ಕೊಂಬೆಯ ತುಂಬ ತಿಳಿಗುಲಾಬಿ ಹೂ ಬಿಟ್ಟಿರುವುದನ್ನು ನೋಡಿ ‘ನಮ್ಮಲ್ಲೂ ಚೆರ್ರಿ ಬ್ಲಾಸಮ್’ ಎಂದು ಗ್ರೂಪಿನಲ್ಲಿ ಫೋಟೋ ಹಾಕಿದ್ದರಲ್ಲ, ಅದು ಗ್ಲಿರಿಸಿಡಿಯಾ. ಮಧ್ಯ ಅಮೆರಿಕದ ಗಿಡ. ನಮ್ಮ ಊರುಗಳಲ್ಲಿ ಗೊಬ್ಬರದ ಗಿಡ ಎನ್ನುತ್ತಾರೆ, ಇಲ್ಲಿ ‘ಉಂದಿರಮಾರಿ’, ಅಂದರೆ ಇಲಿ ಕೊಲ್ಲುವುದು. ಫೋಟೋ ಚೆನ್ನಾಗಿಯೇ ಬಂದಿತ್ತು, ಅದರಲ್ಲಿ ಎರಡು ಮಾತಿಲ್ಲ.

ಜಾಲಿಗಳಿಗೆ ಬರೋಣ. ಎಂಐಡಿಸಿಯ ಖಾಲಿ ಪ್ಲಾಟುಗಳಲ್ಲಿ ಮೂರು ಥರ ಕಾಣುತ್ತವೆ. ಕರಿಜಾಲಿ ಇಲ್ಲಿಯದೇ: ಚಿನ್ನದ ಗುಂಡಿನಂಥ ಹೂ, ಬೀಜದ ನಡುನಡುವೆ ಹಿಸುಕಿದ ಹಾಗೆ ಮಣಿಸರದಂಥ ಕಾಯಿ. ಬಳ್ಳಾರಿ ಜಾಲಿಯ ಹೂ ಗುಂಡಲ್ಲ, ಉದ್ದನೆಯ ಬಾಲದ ಹಾಗೆ. ಸುಬಾಬುಲ್‌ಗೆ ಮುಳ್ಳೇ ಇಲ್ಲ, ಬಿಳಿ ಗುಂಡು ಹೂ, ಚಪ್ಪಟೆ ಕಂದು ಕಾಯಿಗಳ ಗೊಂಚಲು. ಬಳ್ಳಾರಿ ಜಾಲಿಗೆ ಪಾಪ ಬಳ್ಳಾರಿಯವರು ಕೆಟ್ಟ ಹೆಸರು ಹೊತ್ತಿದ್ದಾರೆ, ಅದರ ತವರು ಅಮೆರಿಕ ಖಂಡ. ಮರಾಠಿಯಲ್ಲಿ ಸರಿಯಾಗಿ ‘ವಿಲಾಯತಿ ಬಾಭೂಳ’ ಎನ್ನುತ್ತಾರೆ.

ಹೆಸರುಗಳೇ ಎಷ್ಟೋ ಸಲ ಸುಳಿವು ಕೊಡುತ್ತವೆ. ನಮ್ಮ ‘ಸೀಮೆ’, ಇವರ ‘ವಿಲಾಯತಿ’. ಈಗ ಸಂತೆಯಲ್ಲಿ ಗುಲಾಬಿ ತಿರುಳಿನ ಸುರುಳಿ ಕಾಯಿ ಬಂದಿದೆ, ನಮ್ಮ ಸೀಮೆಹುಣಸೆ, ಇವರ ವಿಲಾಯತಿ ಚಿಂಚ. ಅದೂ ಮೆಕ್ಸಿಕೊ ಕಡೆಯದು. ಆದರೆ ಹೆಸರನ್ನೇ ನೆಚ್ಚಿಕೊಂಡರೆ ಕೆಲವೊಮ್ಮೆ ದಾರಿ ತಪ್ಪುತ್ತದೆ. ಸಾರಿಗೆ ಹಾಕುವ ಹುಣಸೆಯ ಮೂಲ ಆಫ್ರಿಕ, ಅರಬರು ಅದನ್ನು ‘ಹಿಂದ್‌ನ ಖರ್ಜೂರ’ ಎಂದು ಕರೆದು ನಮ್ಮದಾಗಿಸಿಬಿಟ್ಟರು. ಮೆಣಸಿನಕಾಯಿ, ಟೊಮೇಟೊ, ಸೀಬೆ, ಪಪಾಯಿ, ಸಪೋಟ ಎಲ್ಲ ಅಮೆರಿಕ ಖಂಡದಿಂದ ಬಂದವು. ಇವುಗಳನ್ನೆಲ್ಲ ಓಡಿಸಿ ಎಂದರೆ ಮೊದಲು ನಮ್ಮ ಮನೆಯಲ್ಲೇ ಸಾರು ನಿಲ್ಲುತ್ತದೆ. ಹೊರಗಿನದೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕರ್ನಾಟಕ ಬಿಟ್ಟು ಇಲ್ಲಿ ಬಂದು ಬೇರೂರಿದ ನಾವು ಹಾಗೆ ಹೇಳಿದರೆ ಚೆನ್ನಾಗಿರುವುದೂ ಇಲ್ಲ. ನಾನು ನೋಡುವುದು ಇಷ್ಟೇ: ಬಂದ ಗಿಡ ಪಕ್ಕದವರಿಗೆ ಜಾಗ ಬಿಡುತ್ತದೆಯೇ?

ಪಾರ್ಥೇನಿಯಂ ಬಿಡುವುದಿಲ್ಲ. ನಮ್ಮಲ್ಲಿ ಕಾಂಗ್ರೆಸ್ ಗಿಡ, ಇಲ್ಲಿ ಗಾಜರ ಗವತ್, ಏಕೆಂದರೆ ಎಲೆ ಗಜ್ಜರಿಯ ಎಲೆಯಂತಿದೆ. ಭಾರತದಲ್ಲಿ ಅದು ಎಲ್ಲರ ಗಮನಕ್ಕೆ ಬಂದದ್ದು 1955ರಲ್ಲಿ, ಪುಣೆಯಲ್ಲಿ. ಒಂದು ಗಿಡ 10,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಇದರ ಸೋಂಕಿನಿಂದ ಚರ್ಮ ಕೆರೆದು ಕಪ್ಪಾಗುತ್ತದೆ, ಪರಾಗದಿಂದ ಸೀನು, ಉಬ್ಬಸ. ನಮ್ಮ ವೇದಿಕೆಯಲ್ಲೇ ಇಬ್ಬರು ಸಂಜೆಯ ವಾಕಿಂಗ್ ನಿಲ್ಲಿಸಿದ್ದಾರೆ. ಇದನ್ನು ತಿನ್ನುವ ಮೆಕ್ಸಿಕೊದ ಪುಟ್ಟ ಜೀರುಂಡೆಯನ್ನು 1983ರಲ್ಲಿ ಬೆಂಗಳೂರಿಗೆ ತರಿಸಿ, ಪರೀಕ್ಷೆ ಮಾಡಿ, ಮರುವರ್ಷ ಹೊರಗೆ ಬಿಟ್ಟರು. ಬಿಳಿ ಮೈ ಮೇಲೆ ಕಂದು ಗೆರೆಗಳಿರುವ ಆ ಹುಳುವನ್ನು ಕಂಡರೆ ಕೊಲ್ಲಬೇಡಿ. ಹೊರಗಿನದನ್ನು ಹೊರಗಿನದೇ ಹತೋಟಿಗೆ ತರುವ ಲೆಕ್ಕ ಅದು. ಆದರೆ ಅದರ ಕೆಲಸ ಮಳೆಗಾಲದಲ್ಲಿ, ಒಣ ದಿನಗಳಲ್ಲಿ ಮಣ್ಣಿನೊಳಗೆ ಮಲಗಿರುತ್ತದೆ. ಆದ್ದರಿಂದ ಈಗ ನೀರಿನ ಪೈಪು ಸೋರುವ ಕಡೆ ಹಸಿರಾಗಿರುವ ಗಿಡಗಳನ್ನು ಹೂ ಬಿಡುವ ಮೊದಲೇ ನಾವೇ ಕೀಳಬೇಕು. ಬರಿಗೈಯಲ್ಲಿ ಮಾತ್ರ ಬೇಡ. ಅಲರ್ಜಿ ಇರುವವರು ಹತ್ತಿರ ಬರಲೇ ಬೇಡಿ.

ಇನ್ನೊಂದು, ಅಡುಗೆಮನೆಗೆ ಸೇರಿದ ವಿಷಯ. ಹೊಲದ ಬದುಗಳಲ್ಲಿ ಈಗ ಹಳದಿ ಹೂವಿನ ಮುಳ್ಳುಗಿಡ ಇದೆ, ಎಲೆಯ ಮೇಲೆ ಬಿಳಿ ನರ, ಮುರಿದರೆ ಹಳದಿ ಹಾಲು. ಮರಾಠಿಯಲ್ಲಿ ಪಿವಳಾ ಧೋತ್ರಾ, ಅಂದರೆ ಹಳದಿ ದತ್ತೂರಿ. ಇದೂ ಮೆಕ್ಸಿಕೊದ್ದೇ. ಇದರ ಬೀಜ ಸಾಸಿವೆಯ ಹಾಗೇ ಕಾಣುತ್ತದೆ. 1998ರಲ್ಲಿ ದೆಹಲಿಯಲ್ಲಿ ಇದು ಬೆರೆತ ಸಾಸಿವೆ ಎಣ್ಣೆಯಿಂದ ಮೈ ಊದಿ 60ಕ್ಕೂ ಹೆಚ್ಚು ಜನ ಸತ್ತರು. ಬಿಡಿ ಸಾಸಿವೆ ತಂದರೆ ಒಂದು ಚಿಟಿಕೆ ಬಿಳಿ ತಟ್ಟೆಯ ಮೇಲೆ ಹರಡಿ ನೋಡಿ: ಸಾಸಿವೆ ನುಣ್ಣಗೆ, ಇದರ ಬೀಜ ಒರಟು, ಮೇಲೆ ಬಲೆಯಂಥ ಗೆರೆ.

ಪ್ರಾಣಿಪಕ್ಷಿಗಳ ಬಗ್ಗೆ ಹೆಚ್ಚು ಹೇಳಲು ಸಮಯವಿಲ್ಲ. ಮುತ್ತುಗದ ಮೇಲೆ ಈಗ ಗದ್ದಲ ಮಾಡುತ್ತಿರುವ ಗುಲಾಬಿ ಮೈ, ಕಪ್ಪು ತಲೆಯ ಹಕ್ಕಿಗಳು ಗುಲಾಬಿ ಕಬ್ಬಕ್ಕಿಗಳು. ಇವರು ಪಳಸ ಮೈನಾ ಎಂದೂ ಕರೆಯುತ್ತಾರೆ. ಅವು ಮರಿ ಮಾಡುವುದು ಮಧ್ಯ ಏಷ್ಯಾದಲ್ಲಿ, ಏಪ್ರಿಲ್ ಹೊತ್ತಿಗೆ ಹೊರಟುಬಿಡುತ್ತವೆ. ತಾವಾಗಿಯೇ ಬಂದು ಹೋಗುವ ಅವುಗಳನ್ನು ಹೊರಗಿನಿಂದ ತಂದವು ಎನ್ನಲಾಗದು, ಅವು ಅತಿಥಿಗಳು. ಇತ್ತ ನಮ್ಮ ಅಂಗಳದ ಗೊರವಂಕ ಇಲ್ಲಿಯದೇ, ಆದರೆ 1860ರ ದಶಕದಲ್ಲಿ ಅದನ್ನು ಆಸ್ಟ್ರೇಲಿಯಾಕ್ಕೆ ಕೊಂಡೊಯ್ದು ಬಿಟ್ಟರು, ಇವತ್ತು ಅಲ್ಲಿ ಅದು ಅಲ್ಲಿನ ಹಕ್ಕಿಗಳ ಪೊಟರೆ ಕಿತ್ತುಕೊಳ್ಳುವ ಪೀಡೆ. ನಮ್ಮ ಕೋಗಿಲೆ ಕೂಗಲು ಶುರು ಮಾಡಿದೆ. ಕೂಗುವುದು ಕಪ್ಪು ಗಂಡು, ಚುಕ್ಕೆಯ ಹೆಣ್ಣು ಕಾಗೆಯ ಗೂಡನ್ನು ಹುಡುಕುತ್ತಿರುತ್ತದೆ. ತಲೆ ಕೆಂಪಾದ ಓತಿಕ್ಯಾತ ಕಂಡರೆ ಹೆದರಬೇಡಿ, ಅದು ರಕ್ತ ಕುಡಿಯುವುದಿಲ್ಲ, ಹೆಣ್ಣನ್ನು ಮೆಚ್ಚಿಸಲು ಬಣ್ಣ ಹಚ್ಚಿಕೊಂಡ ಗಂಡು.

ಈಗ ನಮ್ಮ ಪಟ್ಟಿ. ಕೊನೊಕಾರ್ಪಸ್ ನೆಡುವುದನ್ನು ಗುಜರಾತ್ ಸರಕಾರವೇ 2023ರಲ್ಲಿ ನಿಷೇಧಿಸಿದೆ, ಅದನ್ನು ಕೈಬಿಡೋಣ. ಸುಬಾಬುಲ್ ನೆಡದಿದ್ದರೂ ತಾನೇ ಬರುತ್ತದೆ. ಗುಲ್ಮೊಹರ್ ಬೇಕೇ ಬೇಕೆನ್ನುವವರಿಗೆ ಒಂದೆರಡು ಇರಲಿ, ನನ್ನ ತಕರಾರಿಲ್ಲ. ಉಳಿದ ಜಾಗಕ್ಕೆ ಹೊಂಗೆ, ಬೇವು, ಕಕ್ಕೆ, ಮುತ್ತುಗ ಸಾಕು. ಧಾರವಾಡ-ಗದಗದಂತೆಯೇ ಇಲ್ಲಿಯೂ ಎರೆಮಣ್ಣು, ಬೇಸಿಗೆಯಲ್ಲಿ ಹಲ್ಲಿನಂತೆ ಬಿರುಕು ಬಿಡುತ್ತದೆ, ಬಿಸಿಲು 45 ಡಿಗ್ರಿ ದಾಟುತ್ತದೆ. ಬೇರಿಳಿದ ಮೇಲೆ ಇವು ಅದನ್ನೆಲ್ಲ ತಡೆಯುತ್ತವೆ. ಮುತ್ತುಗದ ಬೀಜಕ್ಕೆ ದುಡ್ಡು ಕೊಡಬೇಕಿಲ್ಲ, ಮೇ ತಿಂಗಳಲ್ಲಿ ಚಪ್ಪಟೆ ಕಾಯಿಗಳು ಆ 7 ಮರಗಳ ಕೆಳಗೇ ಬಿದ್ದಿರುತ್ತವೆ. ಒಂದು ಕಾಯಿಗೆ ಒಂದೇ ಬೀಜ, ತುದಿಯಲ್ಲಿ. ಮರಗಳು ಉಳಿದಿದ್ದರೆ, ಅಷ್ಟೇ. ಆದ್ದರಿಂದ ‘ಒಣಮರ ತೆಗೆಸುವುದು’ ಎಂಬ ಸಾಲನ್ನು ಇವತ್ತಿನ ಸಭೆಯಲ್ಲೇ ಹೊಡೆದುಹಾಕಬೇಕೆಂದು ಕಾರ್ಯದರ್ಶಿಗಳನ್ನು ಕೇಳಿಕೊಳ್ಳುತ್ತೇನೆ.

ಬರುವ ಭಾನುವಾರ ಬೆಳಗ್ಗೆ ಆರೂವರೆಗೆ, ಬಿಸಿಲೇರುವ ಮೊದಲು, ಪಾರ್ಥೇನಿಯಂ ಕೀಳಲು ಸೇರೋಣ. ತುಂಬುತೋಳಿನ ಬಟ್ಟೆ, ಕೈಗವಸು, ಮೂಗಿಗೆ ಮಾಸ್ಕ್ ತನ್ನಿ. ಮಕ್ಕಳನ್ನು ಕರೆತನ್ನಿ, ಆದರೆ ಅವರ ಕೆಲಸ ಕೀಳುವುದಲ್ಲ, ದೂರದಲ್ಲಿ ನಿಂತು ಗೊರವಂಕಗಳನ್ನೂ ಗುಲಾಬಿ ಕಬ್ಬಕ್ಕಿಗಳನ್ನೂ ಬೇರೆ ಬೇರೆ ಎಣಿಸುವುದು.